ಬೆಳ್ಳಿಯ ಜಾಡು ಹಿಡಿದು ವಿಶ್ವ ಇತಿಹಾಸ ಓದಿದ ಬಗೆ

ಪದವಿ ತರಗತಿಯಲ್ಲಿ ನಮಗಿದ್ದ ವಿಶ್ವ ಇತಿಹಾಸದ ಪತ್ರಿಕೆ 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದಲ್ಲಿಂದ ಆರಂಭವಾಗಿ 1789ರ ಫ್ರಾನ್ಸ್ ಕ್ರಾಂತಿಯ ಹೊಸ್ತಿಲಿಗೆ ಬಂದು ನಿಲ್ಲುತ್ತಿತ್ತು. ಪಠ್ಯಕ್ರಮದಲ್ಲಿ ಪುನರುಜ್ಜೀವನ, ಭೌಗೋಳಿಕ ಅನ್ವೇಷಣೆ, ಮತಸುಧಾರಣೆ, ವಾಣಿಜ್ಯವಾದ (ದೇಶದ ಸಂಪತ್ತು ಚಿನ್ನ-ಬೆಳ್ಳಿಯ ಸಂಗ್ರಹದಲ್ಲಿದೆ ಎಂದು ನಂಬಿದ ಆರ್ಥಿಕ ನೀತಿ) ಎಂದು ಘಟಕಗಳು ಬೇರೆ ಬೇರೆಯಾಗಿದ್ದವು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಒಟ್ಟಿಗೆ ಹರಡಿ ನೋಡಿದಾಗ ಮಾತ್ರ, ಹೆಚ್ಚು ಅಂಕದ ಪ್ರಶ್ನೆಗಳಿಗೆ ಕಾರಣ ಒಂದು ಘಟಕದಲ್ಲೂ ಪರಿಣಾಮ ಇನ್ನೊಂದರಲ್ಲೂ ಇರುವುದು ಕಂಡಿತು. ಆದ್ದರಿಂದ ಘಟಕಗಳ ಕ್ರಮವನ್ನು ಬದಿಗಿಟ್ಟು, ಬೆಳ್ಳಿ ಎಂಬ ಒಂದೇ ಸರಕನ್ನು ಹಿಂಬಾಲಿಸಿ ಓದಲು ನಿಶ್ಚಯಿಸಿದೆ.

ಓದು ಶುರುವಾದದ್ದು ಪೊಟೊಸಿಯಿಂದ. ಇಂದಿನ ಬೊಲಿವಿಯದಲ್ಲಿ, ಸಮುದ್ರಮಟ್ಟದಿಂದ ಸುಮಾರು 4,000 ಮೀಟರ್ ಎತ್ತರದಲ್ಲಿರುವ ಆ ಊರಿನ ಬೆಟ್ಟದಲ್ಲಿ 1545ರಲ್ಲಿ ಸ್ಪೇನಿನವರಿಗೆ ಬೆಳ್ಳಿಯ ಅದಿರು ದೊರೆಯಿತು. ಒಳ್ಳೆಯ ಅದಿರು ಕರಗುತ್ತ ಬಂದಂತೆ, ಕಡಿಮೆ ಸತ್ವದ ಅದಿರಿನಿಂದ ಬೆಳ್ಳಿ ತೆಗೆಯಲು ಪಾದರಸ ಬೇಕಾಯಿತು. ಅದು ಪೆರುವಿನ ಹುವಾಂಕವೆಲಿಕಾ ಗಣಿಯಿಂದ ಬಂತು. ದುಡಿಯುವ ಜನರನ್ನು ಒದಗಿಸಲು ಸ್ಪೇನ್ ದೊರೆಯ ಪರವಾಗಿ ಪೆರುವನ್ನು ಆಳುತ್ತಿದ್ದ ವೈಸ್‌ರಾಯ್ ಟೊಲೆಡೊ 1570ರ ದಶಕದಲ್ಲಿ, ಇಂಕಾ ಕಾಲದ ‘ಮಿತಾ’ ಎಂಬ ಸರದಿ ದುಡಿಮೆಯನ್ನು ಬಲವಂತದ ಗಣಿಗೆಲಸವಾಗಿ ಮಾರ್ಪಡಿಸಿದ. ಗೊತ್ತುಪಡಿಸಿದ ಪ್ರಾಂತ್ಯಗಳ ವಯಸ್ಕ ಗಂಡಸರಲ್ಲಿ ಹೆಚ್ಚುಕಡಿಮೆ ಏಳರಲ್ಲಿ ಒಬ್ಬರು ಆ ಬೆಟ್ಟಕ್ಕೆ ಹೋಗಲೇಬೇಕಾಗಿತ್ತು. ಅನ್ವೇಷಣೆಯ ಯುಗವನ್ನು ನಾವಿಕರ ಸಾಹಸವೆಂದಷ್ಟೇ ಬರೆದು ಮುಗಿಸುವುದು ಆ ಜನರಿಗೆ ಬಗೆಯುವ ಅನ್ಯಾಯವೆಂದು ನಾನು ನಂಬುತ್ತೇನೆ. ಹಾಗಾಗಿ ಈ ಭಾಗವನ್ನು ಪ್ರತಿ ಉತ್ತರದಲ್ಲೂ ತಪ್ಪದೆ ಸೇರಿಸುವಂತೆ ಅಭ್ಯಾಸ ಮಾಡಿದೆ.

ಅಲ್ಲಿಂದ ಮುಂದೆ ಬೆಳ್ಳಿ ಎರಡು ಕಡೆಗೆ ಹರಿಯುತ್ತದೆ. ಒಂದು ಪಾಲು ಸ್ಪೇನಿನ ಸೆವಿಲ್ಲೆ ಬಂದರಿಗೆ. ಇನ್ನೊಂದು ಪಾಲು ಮೆಕ್ಸಿಕೊದ ಅಕಾಪುಲ್ಕೊದಿಂದ, 1571ರಲ್ಲಿ ಸ್ಪೇನಿನವರು ನೆಲೆಯೂರಿದ ಮನಿಲಾಕ್ಕೆ, ಅಲ್ಲಿಂದ ರೇಷ್ಮೆ ಮತ್ತು ಪಿಂಗಾಣಿಗೆ ಬದಲಾಗಿ ಚೀನಾಕ್ಕೆ. ಮಿಂಗ್ ಆಡಳಿತ ತೆರಿಗೆಯನ್ನು ಬೆಳ್ಳಿಯಲ್ಲೇ ವಸೂಲು ಮಾಡತೊಡಗಿದ್ದರಿಂದ ಅಲ್ಲಿ ಬೆಳ್ಳಿಗೆ ಯುರೋಪಿಗಿಂತ ಬಹಳ ಹೆಚ್ಚು ಬೆಲೆಯಿತ್ತು. ಇದು ಅರ್ಥವಾದ ಮೇಲೆ, ಚೀನಾವನ್ನು ಯುರೋಪಿನವರಿಗಾಗಿ ಕಾದು ಕುಳಿತ ಮಾರುಕಟ್ಟೆಯಂತೆ ಕಾಣುವ ಬರಹಗಳನ್ನು ನನ್ನ ನೋಟ್ಸಿನಿಂದ ಕೈಬಿಟ್ಟೆ.

ಹೆಚ್ಚು ಸಮಯ ಕೊಟ್ಟದ್ದು ಕೊಂಡಿಗಳನ್ನು ಬರೆದು ನೋಡುವುದಕ್ಕೆ. ಒಂದು ಉದಾಹರಣೆ: ಅಷ್ಟು ಬೆಳ್ಳಿ ಬರುತ್ತಿದ್ದರೂ ಯುದ್ಧಗಳ ಸಾಲದಿಂದಾಗಿ ಸ್ಪೇನಿನ ದೊರೆ ಎರಡನೆಯ ಫಿಲಿಪ್ 1575ರಲ್ಲಿ ಸಾಲ ತೀರಿಸುವುದನ್ನು ನಿಲ್ಲಿಸಿದ, ನೆದರ್‌ಲ್ಯಾಂಡ್ಸ್‌ನಲ್ಲಿದ್ದ ಸ್ಪೇನಿನ ಸೈನಿಕರು ಸಂಬಳವಿಲ್ಲದೆ ದಂಗೆಯೆದ್ದು 1576ರ ನವೆಂಬರ್‌ನಲ್ಲಿ ಆಂಟ್‌ವರ್ಪ್ ನಗರವನ್ನು ಲೂಟಿ ಮಾಡಿದರು, ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಪ್ರಾಂತ್ಯಗಳು ಕೆಲಕಾಲವಾದರೂ ಸ್ಪೇನಿನ ಸೈನ್ಯದ ವಿರುದ್ಧ ಒಂದಾದವು. ಇಷ್ಟರಲ್ಲೇ ಮತಸುಧಾರಣೆ, ವಾಣಿಜ್ಯವಾದ, ಡಚ್ಚರ (ನೆದರ್‌ಲ್ಯಾಂಡ್ಸ್‌ನವರ) ಏಳಿಗೆ ಮೂರೂ ಒಂದೇ ಪುಟಕ್ಕೆ ಬಂದವು. 1602ರ ಡಚ್ ಈಸ್ಟ್ ಇಂಡಿಯಾ ಕಂಪನಿಯನ್ನು ಬೇರೆಯಾಗಿ ಬಾಯಿಪಾಠ ಮಾಡಬೇಕಾಗಲಿಲ್ಲ.

16ನೆಯ ಶತಮಾನದ ಯುರೋಪಿನಲ್ಲಿ ಬೆಲೆಗಳು ಬಹುಕಾಲ ಏರುತ್ತ ಹೋದ ‘ಬೆಲೆ ಕ್ರಾಂತಿ’ಯ ಪ್ರಶ್ನೆಗೆ ಮಾತ್ರ ಬೆಳ್ಳಿಯೊಂದನ್ನೇ ನೆಚ್ಚಿಕೊಳ್ಳಬಾರದು. ಅಮೆರಿಕದ ಬೆಳ್ಳಿ ದೊಡ್ಡ ಪ್ರಮಾಣದಲ್ಲಿ ಬರುವ ಮೊದಲೇ ಯುರೋಪಿನಲ್ಲಿ ಧಾನ್ಯದ ಬೆಲೆ ಏರತೊಡಗಿತ್ತು. 14ನೆಯ ಶತಮಾನದ ಪ್ಲೇಗಿನಿಂದ ಕುಸಿದಿದ್ದ ಜನಸಂಖ್ಯೆ ಮತ್ತೆ ಬೆಳೆದದ್ದೂ ಒಂದು ಕಾರಣ. ಈ ಎರಡು ವಾದಗಳನ್ನು ಎದುರುಬದುರಾಗಿ ಇಟ್ಟು, ನನಗೆ ಯಾವುದು ಹೆಚ್ಚು ಸರಿಯೆನಿಸಿತೋ ಅದನ್ನು ಕಾರಣಸಹಿತ ಹೇಳಿ ಉತ್ತರ ಮುಗಿಸುತ್ತಿದ್ದೆ.

ನಕ್ಷೆಯನ್ನು ಪುಸ್ತಕ ಮುಚ್ಚಿ ಬಿಡಿಸುವುದು ನಿತ್ಯದ ಅಭ್ಯಾಸವಾಗಿತ್ತು. ಅದರಲ್ಲಿ ಭಟ್ಕಳವನ್ನೂ 1510ರಲ್ಲಿ ಪೋರ್ಚುಗೀಸರು ಹಿಡಿದ ಗೋವಾವನ್ನೂ ಗುರುತಿಸುತ್ತಿದ್ದೆ, ಏಕೆಂದರೆ ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಈ ಬಂದರುಗಳ ಮೂಲಕವೂ ಬರುತ್ತಿದ್ದವು. ಆದರೆ ಪ್ರಶ್ನೆ ಹಿಂದೂ ಮಹಾಸಾಗರದ ವ್ಯಾಪಾರವನ್ನು ಕೇಳಿದಾಗ ಮಾತ್ರ ಇದನ್ನು ಬರೆಯಬೇಕು. ಮತಸುಧಾರಣೆ ಆರಂಭಿಸಿದ ಲೂಥರನ ಬಗೆಗಿನ ಉತ್ತರದಲ್ಲಿ ಅದಕ್ಕೆ ಜಾಗವಿಲ್ಲ.