ಮಕ್ಕಳೊಂದಿಗೆ ಸಿನಿಮಾಕ್ಕೆ ಹೊರಡುವ ಮುನ್ನ
ಶಿರಸಿಯ ಸುತ್ತಲಿನ ಹಳ್ಳಿಗಳಿಂದ ಬಸ್ಸು ಹತ್ತಿ ಮಕ್ಕಳೊಂದಿಗೆ ಪೇಟೆಯ ಚಿತ್ರಮಂದಿರಕ್ಕೆ ಹೊರಡುವವರು, ಟಿಕೆಟ್ ಕೊಳ್ಳುವ ಮೊದಲೇ ಪೋಸ್ಟರಿನ ಮೂಲೆಯಲ್ಲಿರುವ ಪ್ರಮಾಣಪತ್ರದ ಗುರುತನ್ನು ಓದಿಕೊಳ್ಳಬೇಕು. ‘ಯು’ ಎಂದಿದ್ದರೆ ಯಾರಿಗೂ ಅಡ್ಡಿಯಿಲ್ಲ. ‘ಎ’ ಎಂದಿದ್ದರೆ, 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ 18 ತುಂಬದವರಿಗೆ ಪ್ರವೇಶವಿಲ್ಲ. ತಂದೆತಾಯಿ ಜೊತೆಗಿದ್ದರೂ ಈ ನಿರ್ಬಂಧ ಸಡಿಲವಾಗದು, ಆದ್ದರಿಂದ ಆಗಷ್ಟೇ 18 ದಾಟಿದ ಕಾಲೇಜು ವಿದ್ಯಾರ್ಥಿಗಳು ಜನ್ಮದಿನಾಂಕವಿರುವ ಗುರುತಿನ ಚೀಟಿಯನ್ನು ಕಿಸೆಯಲ್ಲಿಟ್ಟುಕೊಳ್ಳುವುದು ಒಳಿತು.

2023ರ ತಿದ್ದುಪಡಿಯ ಬಳಿಕ ‘ಯುಎ’ ಗುರುತು 7+, 13+, 16+ ಎಂದು ಮೂರಾಗಿದೆ. ಇದು ಬಾಗಿಲಲ್ಲೇ ತಡೆಯುವ ನಿಯಮವಲ್ಲ, ಹೆತ್ತವರ ವಿವೇಚನೆಗೆ ಬಿಟ್ಟ ಸೂಚನೆ. ಹಾಗಾಗಿಯೇ ನಮ್ಮ ಹೊಣೆ ಹೆಚ್ಚು ಎಂದು ನಾನು ಭಾವಿಸುತ್ತೇನೆ. ಮನೆಯಲ್ಲಿ ಹತ್ತು ವರ್ಷದ ಮಗುವಿದ್ದರೆ, 16+ ಚಿತ್ರವನ್ನು ಮೊದಲು ದೊಡ್ಡವರೊಬ್ಬರು ನೋಡಿ ಬರಲಿ.