ನಗೆಗಾರನ ಪೆಟ್ಟಿಗೆ ತೆರೆದಾಗ ನನಗೆ ನಗು ಬರಲಿಲ್ಲ

ಮೊದಲ ದಿನ ಒಂದು ಸಲವೂ ನಗು ಬರಲಿಲ್ಲ. ಎದುರಿಗಿದ್ದದ್ದು ಫ್ರೆಡ್ ಅಲೆನ್‌ನ ರೇಡಿಯೊ ಸ್ಕ್ರಿಪ್ಟುಗಳು. 1930, 40ರ ದಶಕಗಳಲ್ಲಿ ಅಮೆರಿಕವನ್ನೇ ನಗಿಸಿದ ಮನುಷ್ಯ. ನಾನೋ ಸಾವಿನ ಮನೆಗೆ ಬಂದವನ ಹಾಗೆ ಕೂತಿದ್ದೆ.

ನಾನಿರುವುದು ಬಾಸ್ಟನ್ ಪಕ್ಕ. ಕನ್ನಡ ಕೂಟಕ್ಕೆ ವರ್ಷಕ್ಕೊಂದು ನಗೆನಾಟಕ ಬರೆಯುತ್ತೇನೆ, ಅದಕ್ಕೇ ಬೆವರಿಳಿಯುತ್ತದೆ. ವಾರ ವಾರ ಒಂದು ಗಂಟೆಯ ಹಾಸ್ಯ ಕೊಟ್ಟವನು ಹೇಗೆ ಬರೆದ ಅಂತ ನೋಡುವ ಆಸೆ. ಅವನ ಕಾಗದಪತ್ರ ಇರುವುದು ಕಾಪ್ಲಿ ಚೌಕದ ಬಾಸ್ಟನ್ ಪಬ್ಲಿಕ್ ಲೈಬ್ರರಿಯಲ್ಲಿ. ಅವನ ಅಪ್ಪ ಅಲ್ಲೇ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದ. ಆಗಿನ್ನೂ ಜಾನ್ ಸಲಿವನ್ ಆಗಿದ್ದ ಇವನೂ ಹುಡುಗನಾಗಿದ್ದಾಗ ಅಲ್ಲೇ ಗಂಟೆಗೆ 20 ಸೆಂಟಿಗೆ ದುಡಿದ. ಹಾಸ್ಯದ ಹುಚ್ಚು ಹತ್ತಿದ್ದೂ ಅಲ್ಲಿ ಕೈಗೆ ಸಿಕ್ಕ ಒಂದು ಪುಸ್ತಕದಿಂದ. ಆಮೇಲೆ ವಾಡೆವಿಲ್ ಸೇರಿದ. ಒಂದೇ ಟಿಕೆಟಿಗೆ ಹಾಡು, ಕುಣಿತ, ಜಾದು, ನಗೆ ಎಲ್ಲ ಸಿಗುವ ಆಟ ಅದು. ಅಲ್ಲಿ ಚೆಂಡು ಹಾರಿಸಿ ಹಿಡಿಯುತ್ತಾ, 'ಜಗತ್ತಿನ ಅತಿ ಕೆಟ್ಟ ಜಗ್ಲರ್' ಅಂತ ತನ್ನನ್ನೇ ಕರೆದುಕೊಂಡ.

ಮೊದಲೇ ಹೇಳಿ ಸಮಯ ಗೊತ್ತುಮಾಡಿಕೊಂಡು ಹೋದೆ. ಪೆನ್ ಇಲ್ಲ, ಪೆನ್ಸಿಲ್ ಮಾತ್ರ. ಒಂದು ಸಲಕ್ಕೆ ಒಂದು ಫೋಲ್ಡರ್, ಹಾಳೆಗಳ ಕ್ರಮ ಕೆಡಿಸುವ ಹಾಗಿಲ್ಲ. ನಾನು ಮಾಡಿದ ದಡ್ಡತನ ಹೇಳಿಬಿಡುತ್ತೇನೆ. ಹಾಳೆಗಳ ಫೋಟೊ ತೆಗೆದೆ, ಪೆಟ್ಟಿಗೆ ಮತ್ತು ಫೋಲ್ಡರ್ ನಂಬರಿನ ಫೋಟೊ ತೆಗೆಯಲಿಲ್ಲ. ಮನೆಗೆ ಬಂದರೆ ಯಾವ ಹಾಳೆ ಎಲ್ಲಿಯದು ಅಂತ ದೇವರಿಗೇ ಗೊತ್ತು. ಮತ್ತೆ ಹೋದೆ. ಈಗ ಮೊದಲು ನಂಬರ್, ಆಮೇಲೆ ಹಾಳೆ.

ನಗು ಬರದಿದ್ದಕ್ಕೆ ಕಾರಣ ತಡವಾಗಿ ಹೊಳೆಯಿತು. ಅಲೆನ್ ದಿನಕ್ಕೆ ಒಂಬತ್ತು ಪತ್ರಿಕೆ ಓದುತ್ತಿದ್ದವನು. ಆ ವಾರದ ಸುದ್ದಿಯೇ ಅವನ ಸರಕು. ಸುದ್ದಿ ಗೊತ್ತಿಲ್ಲದ ನನಗೆ ಜೋಕ್ ಹೇಗೆ ಅರ್ಥವಾಗಬೇಕು? ಹಾಗಾಗಿ ಸ್ಕ್ರಿಪ್ಟಿನ ತಾರೀಕು ಗುರುತು ಹಾಕಿಕೊಂಡು ಆ ವಾರದ ಹಳೇ ಪತ್ರಿಕೆಗಳನ್ನು ತೆಗೆಸಿದೆ. ಮೊದಲು ಮುಖಪುಟ ನೋಡಿದೆ, ಏನೂ ಸಿಗಲಿಲ್ಲ. ಅವನ ಬುಧವಾರದ 'ಟೌನ್ ಹಾಲ್ ಟುನೈಟ್' ಕಾರ್ಯಕ್ರಮದಲ್ಲಿ ಸುದ್ದಿಯ ಅಣಕ ಇರುತ್ತಿತ್ತು. ಅದಕ್ಕೆ ಅವನು ಆರಿಸುತ್ತಿದ್ದದ್ದು ಒಳಪುಟದ ಮೂಲೆಯ ಚಿಲ್ಲರೆ ಸುದ್ದಿ! ಒಳಪುಟ ಹುಡುಕತೊಡಗಿದ ಮೇಲೆ ನಗು ಬಂತು. ಜೋರಾಗೇ ಬಂತು, ಪಕ್ಕದ ಮೇಜಿನವರು ತಿರುಗಿ ನೋಡಿದರು.

ಆಮೇಲೆ, ಉಳಿದಿರುವ ಧ್ವನಿಮುದ್ರಿಕೆ ಕೇಳುತ್ತಾ ಸ್ಕ್ರಿಪ್ಟ್ ಓದುವುದು. ಸುಮ್ನೆ ಓದಿದರೆ ಅರ್ಧವೇ ಸಿಗುತ್ತದೆ. ನೇರ ಪ್ರಸಾರ ಅಲ್ವಾ, ಆ ಕ್ಷಣಕ್ಕೆ ಹೊಳೆದ ಮಾತು ಕಾಗದದಲ್ಲಿ ಎಲ್ಲಿರುತ್ತದೆ? ಉಲ್ಟಾನೂ ಆಗಿದೆ. 1947ರ ಏಪ್ರಿಲ್ 20ರಂದು ರೇಡಿಯೊ ಕಂಪನಿಯ ಉಪಾಧ್ಯಕ್ಷರನ್ನು ಗೇಲಿಮಾಡುವ ಮಾತಿತ್ತು. ತೆಗೆಯಿರಿ ಅಂದರೆ ಅಲೆನ್ ಕೇಳಲಿಲ್ಲ. ಆ ಕಂಪನಿ, ಅಂದರೆ ಎನ್‌ಬಿಸಿ, ಅಷ್ಟು ಹೊತ್ತು ದನಿಯನ್ನೇ ಕತ್ತರಿಸಿತು. ಮಾತು ಕಾಗದದಲ್ಲಿ, ಕೇಳುಗರಿಗೆ ಬರೀ ಮೌನ. ದನಿ ಕತ್ತರಿಸಿದ ಸುದ್ದಿಯೇ ಅವನ ಜೋಕಿಗಿಂತ ಜಾಸ್ತಿ ಹರಡಿತು.

ನನಗೆ ತುಂಬಾ ಇಷ್ಟವಾದದ್ದು ಅವನ ಪತ್ರಗಳು. ಟೈಪ್ ಮಾಡಿದ್ದು, ಎಲ್ಲವೂ ಸಣ್ಣ ಅಕ್ಷರ. ಹೆಸರಿಗೂ ದೊಡ್ಡಕ್ಷರವಿಲ್ಲ. ಸ್ಕ್ರಿಪ್ಟಿನಲ್ಲಿ ಅವಸರ ಕಾಣುತ್ತದೆ, ಪತ್ರದಲ್ಲಿ ಕಾಲು ಚಾಚಿ ಕೂತ ಮನುಷ್ಯ ಕಾಣುತ್ತಾನೆ.

ಈ ಸಲ ಕೂಟದ ನಾಟಕ ಬರೆದಾಗ, ನಾನು ಯಾವ ಸುದ್ದಿ ನೋಡಿ ಬರೆದೆನೋ ಅದನ್ನೂ ಪ್ರಿಂಟ್ ತೆಗೆದು ಹಿಂದೆ ಪಿನ್ ಮಾಡಿದೆ. "ಇದನ್ನ ಯಾವ ಲೈಬ್ರರಿಗೆ ಕೊಡ್ತೀರಿ?" ಅಂದಳು ಹೆಂಡತಿ. ಸದ್ಯಕ್ಕೆ ಮಂಚದ ಕೆಳಗಿದೆ.