ಕಲಬುರಗಿ ಬಿಸಿಲಲ್ಲಿ ಸ್ಮೂತ್ ಜಾಝ್: ನನ್ನ ಹಳೆ ಗ್ಯಾರಾರ್ಡ್ ಹದಕ್ಕೆ ಬಂದದ್ದು

ಸ್ಮೂತ್ ಜಾಝ್, ಅಂದರೆ ಮೆದುವಾದ, ನಯವಾದ ಜಾಝ್. ಅದು ಹೋಟೆಲ್ ಲಿಫ್ಟಿನ ಸಂಗೀತ ಅಂತ ಮೂಗು ಮುರಿಯುವವರು ಇದ್ದಾರೆ. ಇರಲಿ. ಆದರೆ ಹಳೆ ರೆಕಾರ್ಡ್ ಪ್ಲೇಯರಿಗೆ ಇದಕ್ಕಿಂತ ಕಟ್ಟುನಿಟ್ಟಿನ ಮೇಷ್ಟ್ರು ಇಲ್ಲ. ಗದ್ದಲದ ಹಾಡಿನಲ್ಲಿ ಪ್ಲೇಯರಿನ ಹುಳುಕು ಮುಚ್ಚಿಹೋಗುತ್ತದೆ. ಗ್ರೋವರ್ ವಾಷಿಂಗ್ಟನ್ ಜೂನಿಯರ್ ಸ್ಯಾಕ್ಸೋಫೋನಿನಲ್ಲಿ ಒಂದೇ ಸ್ವರ ಎಳೆದು ನಿಲ್ಲಿಸಿದಾಗ, ರೆಕಾರ್ಡ್ ಕೂರುವ ತಟ್ಟೆಯ ವೇಗ ಚೂರು ಹೆಚ್ಚುಕಮ್ಮಿ ಆದರೂ ಆ ಸ್ವರ ನಡುಗುತ್ತದೆ. ಕದ್ರಿ ಗೋಪಾಲನಾಥರನ್ನು ಕೇಳಿದ ಕಿವಿಗೆ ಅದು ತಕ್ಷಣ ಗೊತ್ತಾಗುತ್ತೆ, ಅಲ್ವಾ?

ನನ್ನ ಹತ್ತಿರ ಇರೋದು ಇಂಗ್ಲೆಂಡಿನ ಗ್ಯಾರಾರ್ಡ್ ಎಸ್‌ಪಿ 25 ಅನ್ನೋ ರೆಕಾರ್ಡ್ ಪ್ಲೇಯರ್. ಇದರಲ್ಲಿ ಬೆಲ್ಟ್ ಇಲ್ಲ. ಮೋಟರಿಗೂ ತಟ್ಟೆಯ ಒಳ ಅಂಚಿಗೂ ನಡುವೆ ಒಂದು ರಬ್ಬರ್ ಗಾಲಿ, ಅದೇ ತಟ್ಟೆಯನ್ನು ತಿರುಗಿಸೋದು. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದರೆ ರಬ್ಬರ್ ಗಟ್ಟಿಯಾಗಿ ಜಾರುತ್ತದೆ, ಒಳಗಿನ ಗ್ರೀಸ್ ಅಂಟಾಗುತ್ತದೆ. ಸೂಪರ್ ಮಾರ್ಕೆಟ್ ಕಡೆ ಒಬ್ಬ ರೇಡಿಯೋ ಮೆಕ್ಯಾನಿಕ್‌ಗೆ ತೋರಿಸಿದೆ. "ಬಿಡ್ರಿ ಸರ, ಇದರಾಗ ಏನದ? ಬ್ಲೂಟೂತ್ ಹಚ್ಚಿ ಕೊಡ್ತೀನಿ" ಅಂದರು. ಬಿಚ್ಚಿದ ಮೇಲೆ ಅವರಿಗೇ ಹುರುಪು ಬಂತು. ಗಾಲಿಯ ಅಂಚನ್ನು ಸ್ಪಿರಿಟ್‌ನಲ್ಲಿ ಒರೆಸಿ, ನಯವಾದ ಪಾಲಿಶ್ ಪೇಪರಿನಿಂದ ಹಗುರಾಗಿ ಉಜ್ಜಿದೆವು. ಹಳೆ ಗ್ರೀಸ್ ಕೆರೆದು ತೆಗೆದು, ಬೇರಿಂಗಿಗೆ ಹೊಲಿಗೆ ಮಷೀನ್ ಎಣ್ಣೆ ಎರಡು ಹನಿ ಬಿಟ್ಟೆವು. ಗಾಲಿಗೆ ಎಣ್ಣೆ ತಾಗಲೇಬಾರದು. ತಾಗಿದರೆ ಮತ್ತೆ ಜಾರಾಟ ಶುರು.

ವೇಗ ನೋಡೋಕೆ ಸ್ಟ್ರೋಬ್ ಚಕ್ರ ಬೇಕು, ಅಂದರೆ ತಟ್ಟೆಯ ಮೇಲೆ ಇಡೋ, ಸುತ್ತ ಗೆರೆ ಹಾಕಿದ ಬಿಲ್ಲೆ. ನಿಮಿಷಕ್ಕೆ 33⅓ ಸುತ್ತಿಗೆ ಅದರಲ್ಲಿ 180 ಗೆರೆ ಇರುತ್ತವೆ. ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ವೇಗ ಸರಿಯಿದ್ದರೆ ತಿರುಗುವ ಗೆರೆಗಳು ನಿಂತ ಹಾಗೆ ಕಾಣುತ್ತವೆ. ಈಗಿನ ಎಲ್‌ಇಡಿ ಬಲ್ಬುಗಳಲ್ಲಿ ಬಹಳಷ್ಟು ಹಾಗೆ ಮಿನುಗಲ್ಲ. ಅದಕ್ಕೇ ಹಳೆ ಚೋಕಿನ ಟ್ಯೂಬ್‌ಲೈಟ್ ಕೆಳಗೆ ಇಟ್ಟು ನೋಡಿದೆ. ಮಧ್ಯಾಹ್ನ ಎಲ್ಲ ಸರಿ. ಸಂಜೆ ಓಣಿಯಲ್ಲಿ ಎಲ್ಲರ ಮನೆ ಕೂಲರ್ ಶುರುವಾದಾಗ ಗೆರೆಗಳು ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿದವು. ವೋಲ್ಟೇಜ್ ಇಳಿದು ಮೋಟರ್ ಸೊರಗಿತ್ತು. ಫ್ರಿಜ್ಜಿನ ಹಳೆ ಸ್ಟೆಬಿಲೈಸರ್ ಜೋಡಿಸಿದೆ, ಬಹುಮಟ್ಟಿಗೆ ಸರಿಹೋಯಿತು. ಅಗ್ಗದ ಇನ್ವರ್ಟರ್ ಮೇಲೆ ಮಾತ್ರ ಓಡಿಸಬೇಡಿ. ಮೋಟರ್ ಗುಂಯ್ ಅನ್ನುತ್ತೆ, ಅದು ಸ್ಪೀಕರಿಗೂ ಬರುತ್ತೆ.

ಇನ್ನು ಅಲುಗಾಟ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಮದ್ದಿದೆ: ಶಹಾಬಾದ್ ಕಲ್ಲು. ಮನೆ ಕಟ್ಟುವಾಗ ಉಳಿದಿದ್ದ ಒಂದು ದಪ್ಪ ಫರಸಿಯನ್ನು ಮೇಜಿನ ಮೇಲೆ ಇಟ್ಟು, ಅಡಿಗೆ ಸೈಕಲ್ ಟ್ಯೂಬಿನ ತುಂಡು ಕೊಟ್ಟು, ಗೌಂಡಿಯ ರಸಮಟ್ಟ ಹಿಡಿದು ಸಮ ಮಾಡಿದೆ. ಆಮೇಲೆ ಯಾರಾದರೂ ಪಕ್ಕದಲ್ಲಿ ನಡೆದರೂ ಸೂಜಿ ಹಾರಲಿಲ್ಲ. ಸೂಜಿಯ ಭಾರವನ್ನು ಕಣ್ಣಳತೆಯಲ್ಲಿ ಬಿಡಬೇಡಿ. ಸರಾಫರು ಬಳಸುವಂಥ ಪುಟ್ಟ ಡಿಜಿಟಲ್ ತಕ್ಕಡಿ ಸಾಕು. ಕಾರ್ಟ್ರಿಜ್ (ಸೂಜಿ ಕೂರುವ ಪುಟ್ಟ ಭಾಗ) ಮಾಡಿದವರು ಎಷ್ಟು ಗ್ರಾಂ ಹೇಳಿದ್ದಾರೋ ಅಷ್ಟೇ ಇಡಿ. ಕಮ್ಮಿ ಇದ್ದರೆ ಒಳ್ಳೆಯದು ಅನ್ನೋದು ಸುಳ್ಳು. ಹಗುರಾದ ಸೂಜಿ ರೆಕಾರ್ಡಿನ ಗೆರೆಯಲ್ಲಿ ಕುಣಿದು ಅದನ್ನೇ ಹಾಳು ಮಾಡುತ್ತೆ.

ಧೂಳಿನ ಬಗ್ಗೆ ಇಲ್ಲಿಯವರಿಗೆ ಏನು ಹೇಳೋದು! ಬೋರ್‌ವೆಲ್ ನೀರಿನಲ್ಲಿ ರೆಕಾರ್ಡ್ ತೊಳೆದರೆ ಉಪ್ಪಿನ ಕಲೆ ಕೂರುತ್ತೆ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ತನ್ನಿ, ಮೆತ್ತನೆ ಬಟ್ಟೆಯಲ್ಲಿ ಗೆರೆಗುಂಟ ಒರೆಸಿ, ಲೇಬಲ್ ಒದ್ದೆ ಮಾಡಬೇಡಿ. ಸ್ಪಿರಿಟ್ ಸೇರಿಸೋದಾದರೆ ಎಲ್‌ಪಿಗೆ, ಅಂದರೆ 33⅓ ಸುತ್ತಿನ ಪ್ಲಾಸ್ಟಿಕ್ ರೆಕಾರ್ಡಿಗೆ ಮಾತ್ರ. ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತಿನ ಅರಗಿನ ರೆಕಾರ್ಡಿಗೆ ತಾಗಿದರೆ ಅರಗೇ ಕರಗುತ್ತೆ. ಬೇಸಿಗೆಯಲ್ಲಿ ರೆಕಾರ್ಡ್‌ಗಳನ್ನು ನೆಟ್ಟಗೆ ನಿಲ್ಲಿಸಿ, ಪಶ್ಚಿಮದ ಗೋಡೆಯಿಂದ ದೂರ ಇಡಿ.

ರೆಕಾರ್ಡ್ ಕೊಳ್ಳೋಕೆ ನಾನು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈ ಚೋರ್ ಬಜಾರಿಗೆ ಹೋಗುತ್ತೇನೆ. 90ರ ದಶಕದ ಸ್ಮೂತ್ ಜಾಝ್ ಬಹುಪಾಲು ಸಿಡಿಯಲ್ಲೇ ಬಂದದ್ದು, ಎಲ್‌ಪಿಯಲ್ಲಿ ಹುಡುಕಿ ಸುಸ್ತಾಗಬೇಡಿ. 70ರ ದಶಕ, 80ರ ಶುರು ನೋಡಿ. ಗಿಟಾರ್ ವಾದಕ ಜಾರ್ಜ್ ಬೆನ್ಸನ್‌ರ 'ಬ್ರೀಝಿನ್' 1976ರದು, ವಾಷಿಂಗ್ಟನ್‌ರ 'ವೈನ್‌ಲೈಟ್' 1980ರದು. 'ವೈನ್‌ಲೈಟ್' ಸಿಕ್ಕರೆ ಮೊದಲು ಎರಡನೇ ಬದಿ ತಿರುವಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬಿಲ್ ವಿದರ್ಸ್ ಹಾಡಿದ ಹಾಡು ಇರೋದು ಅಲ್ಲೇ. ಹಿಂದಿನವರು ಅದನ್ನೇ ಸವೆಸಿರುತ್ತಾರೆ. ಅಲ್ಲಿ ಬೂದುಬಣ್ಣ ಕಂಡರೆ ರೇಟು ಇಳಿಸಿ ಕೇಳಿ, ಇಲ್ಲಾಂದ್ರೆ ಅಲ್ಲೇ ಇಟ್ಟು ಬನ್ನಿ.